ಮುರಕಲ್ಲಿನ ಗುಡ್ಡೆಗೆ ಎಂಥ ಟಯರು?

ಕಳೆದ ಡಿಸೆಂಬರಿನ ಒಂದು ಆದಿತ್ಯವಾರ ಬೆಳಗ್ಗೆ, ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಒಂದು ಪದವಿನಿಂದ (ಗುಡ್ಡೆಯ ಮೇಲಿನ ಬಯಲಿನಿಂದ) ಇಳಿಯುವಾಗ ಅಕ್ಕನ ಮಗ ನನ್ನ ಕಣ್ಣೆದುರೇ ಸೈಕಲಿನಿಂದ ಬಿದ್ದ. ಕಡಿದಾದ ಇಳಿಜಾರೇನಲ್ಲ. ಮುಳಿಹುಲ್ಲಿನ ನಡುವೆ ಜನ ನಡೆದು ನಡೆದು ಆದ ಕಾಲುದಾರಿ ಅದು, ಒಂದು ಗೇರುಮರದ ಬುಡದಲ್ಲಿ ಎಡಕ್ಕೆ ತಿರುಗುತ್ತದೆ. ತಿರುವಿನಲ್ಲಿ ಗಟ್ಟಿ ಮುರಕಲ್ಲಿನ (ಕೆಂಪುಕಲ್ಲಿನ) ಮೇಲೆ ಕಡಲೆಕಾಳಿನ ಗಾತ್ರದ ಚರಳು ಹರಡಿಕೊಂಡಿತ್ತು. ಮುಂದಿನ ಚಕ್ರ ಸರ್ರನೆ ಬಲಕ್ಕೆ ಜಾರಿತು, ಹುಡುಗ ಎಡಕ್ಕೆ ಬಿದ್ದ. ಮೊಣಕೈ ತರಚಿದ್ದು ಬಿಟ್ಟರೆ ಪುಣ್ಯಕ್ಕೆ ಬೇರೇನೂ ಆಗಲಿಲ್ಲ.

ಎದ್ದು ಮಣ್ಣು ಕೊಡವಿಕೊಂಡವನೇ ಕೇಳಿದ: "ಮಾವ, ನನ್ನ ಟಯರು ಇಷ್ಟು ಅಗಲ ಇದ್ದೂ ಜಾರಿತಲ್ಲ? ನಿಮ್ಮದು ಇದರಷ್ಟು ಅಗಲವೇ ಇಲ್ಲ, ಅದು ಜಾರಲಿಲ್ಲ."

ಅವನದು 2.6 ಇಂಚಿನ ಹೊಸ ಟಯರು. ನನ್ನದು 2.25 ಇಂಚಿನ, ಎರಡು ಮಳೆಗಾಲ ಕಂಡ ಟಯರು. ಅವನ ಮುಂದಿನ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಮುರಕಲ್ಲಿಗೂ ಅದಕ್ಕೂ ವ್ಯತ್ಯಾಸ ಗೊತ್ತಾಗದಷ್ಟು ಗಟ್ಟಿಯಾಗಿತ್ತು. ಚೀಲದಿಂದ ಗೇಜು ತೆಗೆದು ಹಿಡಿದರೆ 45 ಪೌಂಡು. ಸೈಕಲು ಕೊಂಡಾಗ ಅಂಗಡಿಯಲ್ಲಿ ಹಾಕಿದ ಗಾಳಿ ಹಾಗೆಯೇ ಇತ್ತು. ಅಲ್ಲೇ ನಿಂತು 22ರವರೆಗೆ ಇಳಿಸಿದೆವು. ಅದೇ ತಿರುವಿನಲ್ಲಿ ಅವನು ಮತ್ತೆ ಮೂರು ಸಲ ಇಳಿದ, ಚಕ್ರ ಕದಲಲಿಲ್ಲ. ಅವನ ಪ್ರಶ್ನೆಗೆ ಆ ಹೊತ್ತಿಗೆ ಕೊಟ್ಟ ಉತ್ತರ ಅರ್ಧ ಮಾತ್ರ. ಪೂರ್ತಿ ಉತ್ತರ ಇಲ್ಲಿ ಬರೆಯುತ್ತೇನೆ. ನಮ್ಮ ಕಡೆ ಗುಡ್ಡೆ ಹಾದಿಗೆ ಸೈಕಲು ಇಳಿಸುವ ಹುಡುಗ ಹುಡುಗಿಯರು ಹೆಚ್ಚುತ್ತಿದ್ದಾರೆ, ಮತ್ತು ಎಲ್ಲರೂ ಟಯರಿನ ಅಗಲ ಒಂದನ್ನೇ ನೋಡಿ ಕೊಳ್ಳುತ್ತಿದ್ದಾರೆ.

ಟಯರಂಗಡಿಯಲ್ಲಿ "30 ಪೌಂಡ್ ಹಾಕಿ" ಎನ್ನುತ್ತೇವಲ್ಲ, ಅದರ ಅರ್ಥ ಒಳಗಿನ ಗಾಳಿ ಪ್ರತಿ ಚದರ ಇಂಚಿನ ಮೇಲೆ 30 ಪೌಂಡಿನಷ್ಟು ಒತ್ತುತ್ತಿದೆ ಎಂದು. ಈ ಲೆಕ್ಕವನ್ನು ನೆಲದ ಕಡೆಯಿಂದ ಮಾಡಿ ನೋಡಿ. ಸವಾರ 60 ಕಿಲೋ, ಸೈಕಲು 15 ಕಿಲೋ ಎಂದುಕೊಳ್ಳೋಣ. ಒಟ್ಟು ಭಾರದಲ್ಲಿ ನೂರಕ್ಕೆ ಅರುವತ್ತರಷ್ಟು ಹಿಂದಿನ ಚಕ್ರದ ಮೇಲೆ ಬಿದ್ದರೆ 45 ಕಿಲೋ, ಅಂದರೆ ಸುಮಾರು 100 ಪೌಂಡು. ಟಯರಿನಲ್ಲಿ 45 ಪೌಂಡು ಗಾಳಿ ಇದ್ದರೆ ಈ ಭಾರ ಹೊರಲು 2.2 ಚದರ ಇಂಚು ನೆಲಕ್ಕೆ ತಾಗಿದರೆ ಸಾಕು. 25 ಪೌಂಡಿಗೆ ಇಳಿಸಿದರೆ 4 ಚದರ ಇಂಚು ತಾಗಲೇಬೇಕು. ಟಯರಿನ ರಬ್ಬರಿನೊಳಗಿನ ದಾರದ ಬಟ್ಟೆಯೂ ಒಂದಿಷ್ಟು ಭಾರ ಹೊರುತ್ತದೆ, ಹಾಗಾಗಿ ಲೆಕ್ಕ ಕೂದಲೆಳೆಯಷ್ಟು ಕರಾರುವಾಕ್ಕಲ್ಲ. ಆದರೆ ನೆಲ ಹಿಡಿಯುವ ಜಾಗ ಹತ್ತಿರಹತ್ತಿರ ಇಮ್ಮಡಿಯಾಯಿತು ಎಂಬುದು ನಿಜ. ಗಮನಿಸಿ, ಈ ಲೆಕ್ಕದಲ್ಲಿ ಟಯರಿನ ಅಗಲ ಎಲ್ಲಿಯೂ ಬರಲೇ ಇಲ್ಲ. ಒಂದೇ ಗಾಳಿ, ಒಂದೇ ಭಾರ ಇದ್ದರೆ ಸಪೂರ ಟಯರೂ ಅಗಲ ಟಯರೂ ಹೆಚ್ಚು ಕಡಿಮೆ ಅಷ್ಟೇ ಜಾಗ ಹಿಡಿಯುತ್ತವೆ. ಸಪೂರದ್ದು ಉದ್ದಕ್ಕೆ ಹಿಡಿದರೆ ಅಗಲದ್ದು ಅಡ್ಡಕ್ಕೆ ಹಿಡಿಯುತ್ತದೆ.

ಹಾಗಾದರೆ ಅಗಲ ಯಾತಕ್ಕೆ? ಗಾಳಿ ಇಳಿಸುವುದಕ್ಕೆ. 1.95 ಇಂಚಿನ ಟಯರಿಗೆ 22 ಪೌಂಡು ಹಾಕಿ ಗುಡ್ಡೆ ಇಳಿದರೆ ಮೊದಲ ಚೂಪು ಕಲ್ಲಿಗೇ ರಿಮ್ಮು ಹೋಗಿ ಬಡಿಯುತ್ತದೆ. ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದ ಗುರುತಿನ ಹಾಗೆ ಎರಡು ತೂತು ಅಕ್ಕಪಕ್ಕ ಬೀಳುತ್ತವೆ. ಅಗಲ ಟಯರು ಎತ್ತರದಲ್ಲೂ ಹೆಚ್ಚು; ನೆಲಕ್ಕೂ ರಿಮ್ಮಿಗೂ ನಡುವೆ ಮೆತ್ತೆ ದಪ್ಪ ಇರುತ್ತದೆ. ಅದಕ್ಕೇ ಕಡಿಮೆ ಗಾಳಿಯಲ್ಲೂ ಅದು ತಾಳುತ್ತದೆ. ಅಗಲ ಟಯರು ಕೊಂಡು ಗಾಳಿ ಬಿಗಿಯಾಗಿ ತುಂಬಿಸಿದರೆ ಸಿಗುವುದು ಭಾರ ಮಾತ್ರ. ಇನ್ನೂ ಒಂದು ವಿಷಯ: ಒಂದೇ ಗಾಳಿ ಹಾಕಿದರೂ ದೊಡ್ಡ ಟಯರಿನ ಬಟ್ಟೆ ಚಿಕ್ಕದಕ್ಕಿಂತ ಹೆಚ್ಚು ಬಿಗಿಯುತ್ತದೆ. ಹಾಗಾಗಿ 2.1ಕ್ಕೆ ಹಾಕುತ್ತಿದ್ದಷ್ಟೇ ಗಾಳಿ 2.6ಕ್ಕೂ ಹಾಕಿದರೆ ಸವಾರಿ ಮೊದಲಿಗಿಂತ ಒರಟಾಗುತ್ತದೆ. ಹುಡುಗನ ಸೈಕಲಿಗೆ ಆದದ್ದು ಇದೇ.

ಇದು ಹೊಸ ಜ್ಞಾನವೇನಲ್ಲ. ಮಗನ ಮೂರು ಚಕ್ರದ ಸೈಕಲು ಕಲ್ಲುಹಾದಿಯಲ್ಲಿ ಕುಲುಕದಿರಲಿ ಎಂದು ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ಟಯರು ಮಾಡಿದಾಗಲೇ ಇದರ ಬೀಜ ಇತ್ತು. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ರಿಪ್ಯಾಕ್ ಎಂಬ ಇಳಿಜಾರು ಓಟ ಶುರು ಮಾಡಿದ ಗೆಳೆಯರು ಗುಡ್ಡಕ್ಕೆ ಒಯ್ದದ್ದು ರೇಸಿನ ಸೈಕಲನ್ನಲ್ಲ, 2.125 ಇಂಚಿನ ದಪ್ಪ ಬಲೂನ್ ಟಯರಿದ್ದ ಹಳೆಯ ಭಾರದ ಸೈಕಲುಗಳನ್ನು. ಮೌಂಟನ್ ಬೈಕು ಹುಟ್ಟಿದ್ದೇ ಆ ದಪ್ಪ ಟಯರಿನಿಂದ.

ಇನ್ನು ನಮ್ಮ ನೆಲ. ಟಯರಿನ ವಿಡಿಯೊಗಳಲ್ಲಿ ತೋರಿಸುವ ಕಪ್ಪು, ಮೆತ್ತನೆಯ ಕಾಡುಮಣ್ಣು ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಹುಡುಕಿದರೂ ಸ್ವಲ್ಪವೇ ಸಿಗುವುದು. ನಮಗಿರುವುದು ಮುರಕಲ್ಲು. ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಮಲಬಾರಿನ ಅಂಗಾಡಿಪ್ಪುರದಲ್ಲಿ ಈ ಕಲ್ಲನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟದ್ದು 1807ರಲ್ಲಿ ಅಚ್ಚಾದ ಅವರ ಪುಸ್ತಕದಲ್ಲಿದೆ. ನೆಲದಡಿಯಲ್ಲಿ ಇರುವಾಗ ಕಡಿಯಬಹುದಾದಷ್ಟು ಮೆದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ನಮ್ಮ ಹಿರಿಯರು ಪಿಕ್ಕಾಸು ಹಿಡಿದು ಗುಡ್ಡೆಯ ಪಕ್ಕೆಗೆ ಸುರಂಗ ಕೊರೆದು ನೀರು ತಂದದ್ದು ಈ ಒಳಗಿನ ಮೆದುವಿನಿಂದಾಗಿ. ಸೈಕಲು ಓಡುವುದು ಮಾತ್ರ ಎಷ್ಟೋ ಕಾಲದಿಂದ ಬಿಸಿಲುಂಡು ಕಬ್ಬಿಣದಂತಾದ ಮೇಲ್ಪದರದ ಮೇಲೆ. ಟಯರಿನ ಹಲ್ಲು ಎಷ್ಟೇ ಉದ್ದವಿದ್ದರೂ ಆ ಪಾರೆಯೊಳಗೆ ಇಳಿಯುವುದಿಲ್ಲ.

ಇದೇ ಪದವು ವರ್ಷದಲ್ಲಿ ಮೂರು ಬೇರೆ ಬೇರೆ ನೆಲವಾಗುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಮಣ್ಣಿನಲ್ಲಿ ತೇವ ಉಳಿದು ಚರಳು ಸ್ವಲ್ಪ ಅಂಟಿಕೊಂಡಿರುತ್ತದೆ, ಗಾಳಿ ಸರಿಯಿದ್ದರೆ ಯಾವ ಟಯರಾದರೂ ನಡೆಯುತ್ತದೆ. ಫೆಬ್ರವರಿ ಕಳೆದ ಮೇಲೆ ಆ ಅಂಟು ಬಿಡುತ್ತದೆ. ಗಟ್ಟಿ ಪಾರೆ, ಅದರ ಮೇಲೆ ಉರುಳುವ ಚರಳು, ಗೇರು ತೋಟದಲ್ಲಿ ಅದರ ಮೇಲೆ ಒಣ ಎಲೆ. ಸಿಮೆಂಟು ನೆಲದ ಮೇಲೆ ರಾಗಿ ಚೆಲ್ಲಿ ನಡೆದ ಹಾಗೆ. ಜೂನ್ ಬಂತೆಂದರೆ ಮೂರು ಸಾವಿರ ಮಿಲಿಮೀಟರು ಮೀರುವ ಮಳೆಯ ಊರು ಇದು; ಆಟಿ ತಿಂಗಳಿಗೆ (ಜುಲೈ-ಆಗಸ್ಟ್) ಪಾರೆಯ ಮೇಲೆಲ್ಲ ಹಾವಸೆ. ಹಾವಸೆ ಕಟ್ಟಿದ ಮುರಕಲ್ಲಿನ ಮೇಲೆ ಯಾವ ಕಂಪೆನಿಯ ಯಾವ ಟಯರೂ ನಂಬುವಂತೆ ಹಿಡಿಯುವುದಿಲ್ಲ. ಬ್ರೇಕು ಮುಟ್ಟದೆ, ಸೈಕಲು ವಾಲಿಸದೆ ನೇರ ದಾಟಿ, ಇಲ್ಲವೇ ಇಳಿದು ನೂಕಿ.

ಹಲ್ಲುಗಳ ವಿಚಾರಕ್ಕೆ ಬರೋಣ. ಟಯರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರೆ ನಡುವಿನ ಸಾಲು, ಅಂಚಿನ ಸಾಲು, ಎರಡರ ಮಧ್ಯೆ ಕೆಲವದರಲ್ಲಿ ಚಿಕ್ಕ ಹಲ್ಲುಗಳು, ಕೆಲವದರಲ್ಲಿ ಖಾಲಿ ಕಾಲುವೆ ಕಾಣುತ್ತವೆ. ನೇರ ಹೋಗುವಾಗ ಮತ್ತು ಬ್ರೇಕು ಹಿಡಿದಾಗ ಕೆಲಸ ನಡುವಿನ ಸಾಲಿನದು. ತಿರುವಿನಲ್ಲಿ ಸೈಕಲು ವಾಲಿದಾಗ ನಿಮ್ಮನ್ನು ಹಿಡಿದು ನಿಲ್ಲಿಸುವುದು ಅಂಚಿನ ಸಾಲು. ಉರುಳುವ ಚರಳನ್ನು ಪಕ್ಕಕ್ಕೆ ತಳ್ಳಿ ಕೆಳಗಿನ ಗಟ್ಟಿ ನೆಲ ಮುಟ್ಟುವ ಶಕ್ತಿ ಆ ಅಂಚಿನ ಹಲ್ಲಿಗೇ ಇರುವುದು. ಹಾಗಾಗಿ ನಾನು ಟಯರು ಕೊಳ್ಳುವಾಗ ಮೊದಲು ಅಂಚಿನ ಒಂದು ಹಲ್ಲನ್ನು ಹೆಬ್ಬೆರಳಿನಿಂದ ಅಡ್ಡಕ್ಕೆ ತಳ್ಳಿ ನೋಡುತ್ತೇನೆ. ಬುಡ ಅಗಲವಾಗಿದ್ದು, ಅಂಚು ಚೌಕವಾಗಿದ್ದು, ತಳ್ಳಿದರೆ ಸ್ವಲ್ಪವೇ ಮಣಿದು ವಾಪಸು ಬರಬೇಕು. ಎಳೆ ಚಿಗುರಿನ ಹಾಗೆ ಬಾಗಿದರೆ ತಿರುವಿನಲ್ಲೂ ಅದು ಹಾಗೆಯೇ ಬಾಗುತ್ತದೆ.

ಹಲ್ಲು ಉದ್ದವಾಗಿ, ದೂರ ದೂರ ಇದ್ದರೆ ಅದು ಕೆಸರಿನ ಟಯರು. ಬೈಲಿನ ಅಂಚಿನ ಜೇಡಿಮಣ್ಣಿನಲ್ಲಿ ಅದು ಚೆನ್ನ, ಹಲ್ಲಿನ ಸಂದಿಗೆ ಹೊಕ್ಕ ಮಣ್ಣು ಚಕ್ರ ತಿರುಗಿದಂತೆ ಉದುರಿ ಹೋಗುತ್ತದೆ. ಅದನ್ನೇ ಪಾರೆಯ ಮೇಲೆ ಓಡಿಸಿದರೆ ಒಂದೊಂದು ಹಲ್ಲೂ ಓಲಾಡುತ್ತದೆ, ಕಾಲಡಿಯ ಹಲಗೆ ಅಲುಗಿದ ಹಾಗೆ ಅನಿಸುತ್ತದೆ. ಗಿಡ್ಡ ಹಲ್ಲು ಒತ್ತೊತ್ತಾಗಿ ಇದ್ದರೆ ಗಟ್ಟಿ ನೆಲದಲ್ಲಿ ವೇಗ, ಆದರೆ ಚರಳಿನಲ್ಲಿ ಹಿಡಿತವಿಲ್ಲ. ನಮ್ಮ ಗುಡ್ಡೆಗಳಿಗೆ ಬೇಕಾದದ್ದು ನಡುವಣ ಎತ್ತರದ ಹಲ್ಲು, ಗಟ್ಟಿಮುಟ್ಟಾದ ಅಂಚಿನ ಸಾಲು. ಮ್ಯಾಕ್ಸಿಸ್‌ನ ಮಿನಿಯನ್ ಡಿಎಚ್‌ಎಫ್ ಎಂಬ ಹೆಸರಾಂತ ಟಯರಿನಲ್ಲಿ ನಡುವಿನ ಸಾಲಿಗೂ ಅಂಚಿಗೂ ಮಧ್ಯೆ ಖಾಲಿ ಕಾಲುವೆ ಇದೆ. ಸೈಕಲನ್ನು ಧೈರ್ಯವಾಗಿ ವಾಲಿಸುವವರಿಗೆ ಅದು ಅದ್ಭುತ. ಅರೆಮನಸ್ಸಿನಿಂದ ವಾಲಿಸಿದರೆ ನಡುವಿನ ಸಾಲು ಬಿಟ್ಟು ಅಂಚಿನ ಸಾಲು ಹಿಡಿಯುವ ಮೊದಲು ಒಂದು ಕ್ಷಣ ಹಿಡಿತ ಸಡಿಲವಾದಂತೆ ಅನಿಸುತ್ತದೆ. ಹೊಸಬರಿಗೆ ಮಧ್ಯದಲ್ಲೂ ಹಲ್ಲಿರುವ ಟಯರು ಒಳ್ಳೆಯದು, ಅದು ಮುನ್ಸೂಚನೆ ಕೊಡುತ್ತ ಜಾರುತ್ತದೆ. ಟಯರಿನ ಪಕ್ಕೆಯಲ್ಲಿ ಬಾಣದ ಗುರುತಿದ್ದರೆ ಆ ದಿಕ್ಕಿಗೇ ಹಾಕಿಸಿ. ಹಲ್ಲಿನ ಮುಂಬದಿ ಸುಲಭವಾಗಿ ಉರುಳಲೆಂದು ಇಳಿಜಾರಾಗಿರುತ್ತದೆ, ಹಿಂಬದಿ ಬ್ರೇಕಿಗೆಂದು ಚೌಕವಾಗಿರುತ್ತದೆ. ತಿರುವುಮುರುವು ಹಾಕಿದರೆ ಎರಡೂ ಕೆಡುತ್ತವೆ.

ಹಲ್ಲು ಇಳಿಯದ ಪಾರೆಯ ಮೇಲೆ ಹಿಡಿತ ಕೊಡುವುದು ರಬ್ಬರಿನ ಗುಣ. ರಬ್ಬರ್ ತೋಟದ ನಡುವೆ ಬೆಳೆದವರಿಗೆ ಹೇಳಬೇಕಾಗಿಲ್ಲ, ಚಿಪ್ಪಿಗೆ ಇಳಿಯುವ ಬಿಳಿ ಹಾಲೇ ಬೇರೆ, ಟಯರಿನ ಕಪ್ಪು ರಬ್ಬರೇ ಬೇರೆ. ಮರದ ರಬ್ಬರಿಗೆ ಕೃತಕ ರಬ್ಬರು, ಗಂಧಕ, ಕಾರ್ಬನ್ ಬ್ಲ್ಯಾಕ್ ಅಥವಾ ಸಿಲಿಕ ಬೆರೆಸಿ ಬೇಯಿಸುತ್ತಾರೆ. ಬೆರಕೆ ಬದಲಾದರೆ ಗುಣವೂ ಬದಲು. ಮೆದು ರಬ್ಬರು ಕಲ್ಲಿನ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಹೊಕ್ಕು, ನಿಧಾನವಾಗಿ ಹೊರಬರುತ್ತದೆ. ಆ ನಿಧಾನವೇ ಹಿಡಿತ. ಗಟ್ಟಿ ರಬ್ಬರು ಚೆಂಡಿನ ಹಾಗೆ ಥಟ್ಟನೆ ಪುಟಿದು ಕಲ್ಲು ಬಿಟ್ಟು ಏಳುತ್ತದೆ. ಈ ಮೆದುತನವನ್ನು ಶೋರ್ ಎ ಎಂಬ ಅಳತೆಯಲ್ಲಿ ಹೇಳುತ್ತಾರೆ. 60ರ ಆಸುಪಾಸು ಗಟ್ಟಿ, 50 ಮೆದು, 42 ಬಹಳ ಮೆದು. ಅಗ್ಗದ ಟಯರುಗಳಲ್ಲಿ ಈ ಸಂಖ್ಯೆ ಬರೆದಿರುವುದಿಲ್ಲ, ಆಗ ಉಗುರಿನಿಂದ ಹಲ್ಲನ್ನು ಒತ್ತಿ ನೋಡಿ. ಗುರುತು ಮೂಡಿ ಮೆಲ್ಲನೆ ಮಾಯವಾದರೆ ಮೆದು. ಉಗುರೇ ಜಾರಿದರೆ ಮಳೆಯಲ್ಲಿ ಟಯರೂ ಹಾಗೆಯೇ ಜಾರುತ್ತದೆ.

ಮೆದು ರಬ್ಬರಿನ ದೋಷ ಎಂದರೆ ಬೇಗ ಸವೆಯುತ್ತದೆ, ಟಾರು ರಸ್ತೆಯಲ್ಲಿ ಎಳೆಯುತ್ತದೆ. ಬದಿಯಡ್ಕದಿಂದ ಪೊಸಡಿ ಗುಂಪೆ ಗುಡ್ಡೆಯ ಬುಡಕ್ಕೆ ಹೋಗಬೇಕಾದರೆ ಮೊದಲು ಗಂಟೆಗಟ್ಟಲೆ ಟಾರು ತುಳಿಯಬೇಕು; ಕಾರಿನ ಮೇಲೆ ಸೈಕಲು ಕಟ್ಟಿಕೊಂಡು ಹೋಗುವವರು ನಮ್ಮಲ್ಲಿ ಎಷ್ಟು ಮಂದಿ? ಹಾಗಾಗಿ ನನ್ನ ಸಲಹೆ, ಮುಂದಕ್ಕೆ ಮೆದು, ಹಿಂದಕ್ಕೆ ಸ್ವಲ್ಪ ಗಟ್ಟಿ. ಸವೆಯುವುದು ಮುಖ್ಯವಾಗಿ ಹಿಂದಿನದು, ಪೆಡಲಿನ ಬಲವೆಲ್ಲ ಅದರ ಮೇಲೆ. ಕಾಪಾಡುವುದು ಮುಂದಿನದು. ಹಿಂದಿನ ಚಕ್ರ ಜಾರಿದರೆ ಸೈಕಲು ಒಮ್ಮೆ ಬಾಲ ಬೀಸುತ್ತದೆ, ಕಾಲು ಊರಿ ಸರಿಮಾಡಿಕೊಳ್ಳಬಹುದು. ಮುಂದಿನದು ಜಾರಿದರೆ ಯೋಚಿಸುವ ಮೊದಲೇ ನೆಲದಲ್ಲಿರುತ್ತೀರಿ. ಕೈಯಲ್ಲಿ ಒಂದೇ ಒಳ್ಳೆಯ ಟಯರಿಗೆ ದುಡ್ಡಿದ್ದರೆ ಕಣ್ಣು ಮುಚ್ಚಿ ಅದನ್ನು ಮುಂದಕ್ಕೆ ಹಾಕಿ.

ಜಾಹೀರಾತುಗಳಲ್ಲಿ ಯಾರೂ ಒತ್ತಿ ಹೇಳದ ಭಾಗ ಟಯರಿನ ಪಕ್ಕೆ. ಮುರಕಲ್ಲಿನ ತೂತು ತೂತು ಅಂಚು ಗರಗಸದ ಹಾಗಿರುತ್ತದೆ. ಮುಳ್ಳು ಚುಚ್ಚಿದರೆ ಟ್ಯೂಬು ಹೋಗುತ್ತದೆ, ಮುರಕಲ್ಲು ಸವರಿದರೆ ಟಯರೇ ಹೋಗುತ್ತದೆ. ಪಕ್ಕೆಯ ಮೇಲೆ 60 ಟಿಪಿಐ, 120 ಟಿಪಿಐ ಎಂದು ಬರೆದಿರುತ್ತಾರೆ. ಒಂದು ಇಂಚಿನಲ್ಲಿ ಎಷ್ಟು ದಾರ ಎಂದು ಅದರ ಅರ್ಥ. 120 ಅಂದರೆ ನವಿರಾದ ದಾರ, ಹಗುರ, ನೆಲಕ್ಕೆ ಚೆನ್ನಾಗಿ ಮಣಿಯುತ್ತದೆ, ಆದರೆ ಬರಿಯ 120 ಸುಲಭವಾಗಿ ಸೀಳುತ್ತದೆ. 60 ದಪ್ಪ ದಾರ, ರಬ್ಬರೂ ಹೆಚ್ಚು, ಬಾಳಿಕೆ. ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು ಎಂದು ಅಂಗಡಿಯಲ್ಲಿ ಹೇಳುವುದನ್ನು ಕೇಳಿದ್ದೇನೆ. ಈ ನೆಲಕ್ಕೆ ಆ ಮಾತು ಹೊಂದುವುದಿಲ್ಲ. ಒಂದೋ 60 ತೆಗೆದುಕೊಳ್ಳಿ, ಇಲ್ಲವೇ ಪಕ್ಕೆಗೆ ಹೆಚ್ಚುವರಿ ರಕ್ಷಣೆಯ ಪದರ ಕೊಟ್ಟಿರುವ 120 ಹುಡುಕಿ. ನೂರು ಗ್ರಾಂ ಹೆಚ್ಚಾದರೆ ಆಗಲಿ.

ಈಗ ಅಳತೆ. ಟಯರಿನ ಪಕ್ಕೆಯಲ್ಲಿ 27.5 x 2.25 ಎಂದು ದೊಡ್ಡಕ್ಷರದಲ್ಲೂ 57-584 ಎಂದು ಚಿಕ್ಕಕ್ಷರದಲ್ಲೂ ಇರುತ್ತದೆ. ನಂಬಬೇಕಾದದ್ದು ಚಿಕ್ಕದನ್ನು. 57 ಎಂದರೆ ಮಿಲಿಮೀಟರಿನಲ್ಲಿ ಅಗಲ, 584 ಎಂದರೆ ಟಯರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ. 26 ಇಂಚಿನ ಮೌಂಟನ್ ಸೈಕಲಿಗೆ ಅದು 559, 27.5ಕ್ಕೆ 584, 29ಕ್ಕೆ 622. ಈ ಎರಡನೆಯ ಸಂಖ್ಯೆ ಒಂದು ಮಿಲಿಮೀಟರೂ ಆಚೀಚೆ ಆಗಬಾರದು. ಮೊದಲನೆಯದು ಬದಲಾಗಬಹುದು, ಆದರೆ ರಿಮ್ಮು ಒಪ್ಪಬೇಕು. ರಿಮ್ಮಿನ ಒಳಗಲ 20 ಮಿ.ಮೀ. ಇರುವ ಸಾಧಾರಣ ಸೈಕಲಿಗೆ 2.1ರಿಂದ 2.25 ಸರಿ. 25 ಇದ್ದರೆ 2.4ರವರೆಗೆ, 30 ಇದ್ದರೆ 2.4ರಿಂದ 2.6. ಸಪೂರ ರಿಮ್ಮಿಗೆ ಅಗಲ ಟಯರು ಹಾಕಿದರೆ ಅದು ದೀಪದ ಬುರುಡೆಯ ಆಕಾರಕ್ಕೆ ಬರುತ್ತದೆ, ಗಾಳಿ ಇಳಿಸಿದ ಕೂಡಲೇ ತಿರುವಿನಲ್ಲಿ ಪಕ್ಕಕ್ಕೆ ಮಡಚಿಕೊಳ್ಳುತ್ತದೆ.

ಫ್ರೇಮಿನಲ್ಲೂ ಜಾಗ ಬೇಕು. ನಾನು ಮಾಡುವುದು ಇಷ್ಟೆ: ಈಗಿರುವ ಟಯರಿಗೂ ಫ್ರೇಮಿನ ಹಿಂದಿನ ಕಂಬಿಗೂ ನಡುವೆ 6 ಮಿ.ಮೀ. ಆಲೆನ್ ಕೀ ತೂರಿಸಿ ನೋಡುವುದು. ಹೊಸ ಟಯರು ಎಷ್ಟು ಅಗಲ ಹೆಚ್ಚೋ ಅದರ ಅರ್ಧ ಒಂದೊಂದು ಬದಿಗೆ ಕಳೆದ ಮೇಲೂ ಆ ಕೀ ಸಲೀಸಾಗಿ ಹೋಗುವಷ್ಟು ಸಂದು ಉಳಿಯಬೇಕು. ಮಳೆಗಾಲದ ಕೆಂಪು ಕೆಸರು ಮುಳಿಹುಲ್ಲಿನ ಜತೆ ಕಲಸಿ ಅಲ್ಲಿ ಸೇರಿಕೊಂಡರೆ ಚಕ್ರ ತಿರುಗುವುದೇ ನಿಲ್ಲುತ್ತದೆ, ಫ್ರೇಮಿನ ಬಣ್ಣವೂ ಉಜ್ಜಿ ಹೋಗುತ್ತದೆ. ಮುಂದಿನ ಫೋರ್ಕಿನ ಕಮಾನಿನ ಕೆಳಗೂ ಹಾಗೆಯೇ ನೋಡಿ.

ಅಗಲ ಹೆಚ್ಚಿದಷ್ಟೂ ಒಳ್ಳೆಯದೇ ಎಂದರೆ, ಅಲ್ಲ. 2.8, 3.0ರ ಟಯರುಗಳು ಗಾಳಿ ತುಸು ಹೆಚ್ಚಾದರೆ ಚೆಂಡಿನಂತೆ ಪುಟಿಯುತ್ತವೆ, ತುಸು ಕಡಿಮೆಯಾದರೆ ಓಲಾಡುತ್ತವೆ. ತೆಳು ಕೆಸರಿನಲ್ಲಿ ಸಪೂರ ಟಯರು ಕೆಸರು ಸೀಳಿ ಕೆಳಗಿನ ಗಟ್ಟಿ ಮುಟ್ಟುತ್ತದೆ. ಅಗಲದ್ದು ಮೇಲೆಯೇ ತೇಲಿ ಜಾರುತ್ತದೆ. ನಮ್ಮ ಹಾದಿಗಳಿಗೆ, ರಿಮ್ಮು ಒಪ್ಪುವುದಾದರೆ, ಮುಂದೆ 2.4, ಹಿಂದೆ 2.25 ಅಥವಾ 2.4 ಎಂಬುದು ನನ್ನ ಅನುಭವ. ಹಿಂದಿನದು ಗಿಡ್ಡ ಹಲ್ಲಿನದಾದರೂ ನಡೆಯುತ್ತದೆ.

ಗಾಳಿಗೆ ಆರಂಭದ ಅಂದಾಜು ಕೊಡುತ್ತೇನೆ. 65ರಿಂದ 70 ಕಿಲೋದ ಸವಾರ, 2.4ರ ಟಯರು, ಒಳಗೆ ಟ್ಯೂಬು ಇದ್ದರೆ ಮುಂದೆ 24, ಹಿಂದೆ 27. ಟ್ಯೂಬ್‌ಲೆಸ್ ಆದರೆ ಎರಡರಲ್ಲೂ ಮೂರು ಕಡಿಮೆ. 2.25ಕ್ಕೆ ಮೂರು ನಾಲ್ಕು ಹೆಚ್ಚು. ಟಯರಿನ ಪಕ್ಕೆಯಲ್ಲಿ ಕನಿಷ್ಠ ಗಾಳಿ ಇಷ್ಟು ಎಂದು ಬರೆದಿದ್ದರೆ ಅದಕ್ಕಿಂತ ಕೆಳಗೆ ಇಳಿಯಬೇಡಿ. ಅಲ್ಲಿಂದ ಒಂದೊಂದೇ ಪೌಂಡು ಇಳಿಸುತ್ತ ಒಂದೇ ಹಾದಿಯಲ್ಲಿ ಓಡಿಸಿ ನೋಡಿ. ಕಲ್ಲಿಗೆ ರಿಮ್ಮು ಟಕ್ ಎಂದು ಬಡಿದರೆ ಅಥವಾ ತಿರುವಿನಲ್ಲಿ ಟಯರು ಮಡಚಿದ ಹಾಗನಿಸಿದರೆ ಎರಡು ಪೌಂಡು ಏರಿಸಿ, ಅದು ನಿಮ್ಮ ಸಂಖ್ಯೆ. ದಪ್ಪ ಮುಳ್ಳಿನ 100 ಪೌಂಡಿನ ಪಂಪಿನ ಗೇಜು 30ರ ಕೆಳಗೆ ಸರಿ ತೋರಿಸುವುದು ಅಪರೂಪ, ಚಿಕ್ಕ ಡಿಜಿಟಲ್ ಗೇಜು ಒಂದು ಕೊಳ್ಳಿ. ಗಾಳಿ ಇಳಿಸಿದರೆ ಸೈಕಲು ಭಾರ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಟಾರಿನಲ್ಲಿ ಆಗುತ್ತದೆ. ಗುಡ್ಡೆಯಲ್ಲಿ ಅದಕ್ಕೆ ವಿರುದ್ಧ: ಬಿಗಿ ಟಯರು ಪ್ರತಿ ಕಲ್ಲಿಗೂ ನಿಮ್ಮನ್ನೂ ಸೈಕಲನ್ನೂ ಎತ್ತಿ ಹಾಕುತ್ತದೆ, ಎತ್ತುವ ಆ ಶ್ರಮವೆಲ್ಲ ನಿಮ್ಮ ಕಾಲಿನದೇ. ಮೆತ್ತಗಿನ ಟಯರು ಕಲ್ಲನ್ನು ನುಂಗಿಕೊಂಡು ಮುಂದೆ ಹೋಗುತ್ತದೆ.

ಟ್ಯೂಬ್‌ಲೆಸ್ ಮಾಡಿಸಬೇಕೇ? ರಿಮ್ಮು ಟ್ಯೂಬ್‌ಲೆಸ್ಸಿಗೆಂದೇ ಮಾಡಿದ್ದರೆ ಖಂಡಿತ. ಟ್ಯೂಬು ಇಲ್ಲದ ಮೇಲೆ ಹಾವು ಕಚ್ಚಿದಂಥ ತೂತಿನ ಭಯವಿಲ್ಲ, ಒಳಗಿನ ಸೀಲೆಂಟ್ ದ್ರವ ಸಣ್ಣ ಮುಳ್ಳಿನ ತೂತನ್ನು ತಾನೇ ಮುಚ್ಚುತ್ತದೆ. ನಮ್ಮ ಸೆಕೆಗೆ ಆ ದ್ರವ ಬೇಗ ಒಣಗುತ್ತದೆ, ಎರಡು ತಿಂಗಳಿಗೊಮ್ಮೆ ನೋಡಿ ತುಂಬಿಸಬೇಕು. ಸಾದಾ ರಿಮ್ಮಿಗೆ ಟೇಪು ಸುತ್ತಿ ಹೇಗೋ ಮಾಡಿಕೊಡುತ್ತೇವೆ ಎನ್ನುವವರ ಮಾತು ಕೇಳಬೇಡಿ. ಕಡಿಮೆ ಗಾಳಿಯಲ್ಲಿ, ತಿರುವಿನ ನಡುವೆ ಟಯರು ರಿಮ್ಮಿನಿಂದ ಕಳಚಿದರೆ ಬಹಳ ಕೆಟ್ಟದಾಗಿ ಬೀಳುತ್ತೀರಿ.

ಅಂಗಡಿಯಲ್ಲಿ ಬಿಸಿಲಿಗೆ ತೂಗುಹಾಕಿದ ಟಯರು ತೆಗೆದುಕೊಳ್ಳಬೇಡಿ. ಪಕ್ಕೆಯನ್ನು ಮಡಚಿದಾಗ ಕೂದಲೆಳೆಯಷ್ಟು ಬಿರುಕು ಕಂಡರೂ ರಬ್ಬರು ಹಳತಾಗಿ ಗಟ್ಟಿಯಾಗಿದೆ ಎಂದೇ ಅರ್ಥ, ಹಲ್ಲು ಎಷ್ಟೇ ಹೊಸದಾಗಿ ಕಾಣಲಿ. ಅಡಿಕೆ ತೋಟದ ನಡುವಿನ ದಾರಿಯಲ್ಲಿ ಹೋಗುವಾಗ ಮನೆಯವರನ್ನು ಕೇಳಿಯೇ ಹೋಗಿ, ನೆಲಕ್ಕೆ ಹಾಸಿದ ಸ್ಪ್ರಿಂಕ್ಲರ್ ಪೈಪಿನ ಮೇಲೆ ಹಲ್ಲಿನ ಟಯರು ಹತ್ತಿಸಬೇಡಿ; ಬೇಸಿಗೆಯಲ್ಲಿ ಒಂದು ಪೈಪು ಒಡೆದರೆ ಅವರಿಗೆ ಅದೆಷ್ಟು ಕಷ್ಟ ಎಂದು ತೋಟ ಇರುವವರಿಗೆ ಗೊತ್ತು.

ಹಿಂದಿನ ಟಯರಿನ ನಡುವಿನ ಹಲ್ಲು ಅರ್ಧಕ್ಕೆ ಬಂದಾಗ ಹೊಸದನ್ನು ಹಿಂದಕ್ಕೆ ಹಾಕಬೇಡಿ. ಮುಂದಿನದನ್ನು ತೆಗೆದು ಹಿಂದಕ್ಕೆ ಹಾಕಿ, ಹೊಸದನ್ನು ಮುಂದಕ್ಕೆ. ತೆಗೆದ ಬೋಳು ಟಯರನ್ನು ಎಸೆಯುವ ಮೊದಲು ಅದರ ಪಕ್ಕೆಯಿಂದ, ಅಂಚಿನ ತಂತಿ ಬಿಟ್ಟು, ಮೂರು ಇಂಚು ಉದ್ದದ ಒಂದು ತುಂಡು ಕತ್ತರಿಸಿ ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟುಕೊಳ್ಳಿ. ಫೆಬ್ರವರಿಯಲ್ಲಿ ಹುಡುಗನ ಟಯರಿನ ಪಕ್ಕೆ ಕಲ್ಲಿಗೆ ತಾಗಿ ಹೆಬ್ಬೆರಳಿನಷ್ಟು ಸೀಳಿದಾಗ ಆ ತುಂಡನ್ನೇ ಸೀಳಿನ ಒಳಬದಿಗೆ ಇಟ್ಟು, ಹೊಸ ಟ್ಯೂಬು ಹಾಕಿ, 20 ಪೌಂಡು ಗಾಳಿ ತುಂಬಿಸಿ, ನೀರ್ಚಾಲಿನವರೆಗೆ ಮೆಲ್ಲನೆ ಓಡಿಸಿಕೊಂಡು ಬಂದೆವು.